ಮೂರನೇ ಭಾಷೆಯ ಪೀರಿಯಡ್ಡು

ಮಕ್ಕಳು, ಮೇಷ್ಟ್ರುಗಳು, ಮಕ್ಕಳ ಅಪ್ಪ ಅಮ್ಮಂದಿರು, ಕೊನೆಗೆ ಟಪಾಲಿನವನೂ ಅವಳನ್ನು ಕರೆಯುತ್ತಿದ್ದದ್ದು ಕ್ಲರ್ಕಮ್ಮ ಎಂದೇ. ಪ್ರೌಢಶಾಲೆಯ ಹೆಡ್ಮೇಷ್ಟ್ರ ಕೋಣೆಗೆ ಅಂಟಿಕೊಂಡ ಉದ್ದನೆಯ ಇಕ್ಕಟ್ಟು ಕೋಣೆ ಅವಳದು. ಆಟದ ಬಯಲಿನ ಕಡೆಗೆ ಒಂದು ಕಿಟಕಿ, ಮೂರು ಕಬ್ಬಿಣದ ಬೀರು, ಒಂದು ಮೇಜು, ಒಂದು ಕಾಲು ಕುಂಟುವ ಸ್ಟೂಲು. ಮೂರನೆಯ ಬೀರುವಿನ ಬಾಗಿಲು ಕೆಳಗಡೆ ಮೆಲ್ಲಗೆ ಒದ್ದರೆ ಮಾತ್ರ ತೆರೆಯುತ್ತಿತ್ತು. ಆ ಒದೆಯ ಹದ ಅವಳೊಬ್ಬಳಿಗೇ ಗೊತ್ತು. ಅವಳು ರಜೆ ಹಾಕಿದ ದಿನ ಯಾರಿಗಾದರೂ ವರ್ಗಾವಣೆ ಪತ್ರ ಬೇಕಾದರೆ ಹೆಡ್ಮೇಷ್ಟ್ರು ಬೀರುವಿನ ಮುಂದೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ಅವಳು ಓದಿದ್ದೂ ಅದೇ ಶಾಲೆಯಲ್ಲಿ. ಅವಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣನೂ ಅಲ್ಲೇ ಓದಿದ. ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮನೆಯಲ್ಲಿ ಅವರದೇ ಒಂದು ಸನ್ನೆಯ ಭಾಷೆ ಬೆಳೆದಿತ್ತು. ತಂಗಿ ಎನ್ನಬೇಕಾದರೆ ಅಣ್ಣ ತನ್ನ ಕೆನ್ನೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದ, ಏಕೆಂದರೆ ಮಗುವಾಗಿದ್ದಾಗ ಅವಳ ಕೆನ್ನೆ ಅಷ್ಟು ಗುಂಡಗಿತ್ತು. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವಿಜ್ಞಾನದ ಪುಸ್ತಕದಲ್ಲಿ ಅವನು ಬರೆದ ಹೃದಯದ ಚಿತ್ರ ನೋಡಿದರೆ ಈಗಲೋ ಆಗಲೋ ಬಡಿದುಕೊಳ್ಳುವ ಹಾಗಿರುತ್ತಿತ್ತು. ಆದರೆ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಭಾಷೆಗಳು ಮೂರು. ಮೊದಲ ಭಾಷೆಯನ್ನು ಬರೀ ಕಣ್ಣಿನಿಂದ ಕಲಿಯುವುದಕ್ಕೇ ಅವನಿಗೆ ಹತ್ತು ವರ್ಷ ಹಿಡಿದಿತ್ತು. ಎರಡನೆಯದನ್ನು ಉರು ಹೊಡೆದು ಹೇಗೋ ದಡ ಮುಟ್ಟಿದ. ಮೂರನೆಯದರಲ್ಲಿ ಮುಳುಗಿದ. ಆ ಪೀರಿಯಡ್ಡಿನಲ್ಲಿ ಉಕ್ತಲೇಖನ ಎಂದರೆ ಅವನ ಪಾಲಿಗೆ ಮೇಷ್ಟ್ರ ಬೆನ್ನು ನೋಡುತ್ತ ಕೂರುವುದು. ಮೊದಲ ಸಲ ಒಂಬತ್ತು ಅಂಕ ಬಂತು, ಎರಡನೇ ಸಲ ಹನ್ನೊಂದು, ಮೂರನೇ ಸಲ ಎಂಟು.

"ಇವನು ಮುಂದಕ್ಕೆ ಹೋಗ್ತಿದ್ದಾನೋ ಹಿಂದಕ್ಕೆ ಬರ್ತಿದ್ದಾನೋ ಗೊತ್ತಾಗ್ತಿಲ್ಲವಲ್ಲ," ಎಂದು ಅಪ್ಪ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಹಿಂದೆ ಇನ್ನೇನಾದರೂ ಅಂಕ ಅಡಗಿರಬಹುದೇನೋ ಎಂಬಂತೆ. ಅಣ್ಣ ಎರಡೂ ಅಂಗೈ ಕೊಡವಿದ. ಮುಗಿಯಿತು ಎಂದರ್ಥ. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಮರುದಿನವೇ ಅಂಗಡಿಗಳ ಬೋರ್ಡು ಬರೆಯುವವರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದ. ನಾಲ್ಕು ವರ್ಷದಲ್ಲಿ ಸ್ವಂತ ಅಂಗಡಿ ಹಾಕಿದ. ಚಪ್ಪಟೆ ಬ್ರಷ್ಷಿನಲ್ಲಿ ಮೂರು ಭಾಷೆಯ ಅಕ್ಷರಗಳನ್ನೂ ಗೀಟು ಹಾಕದೆ ನೇರವಾಗಿ ಬರೆಯುತ್ತಿದ್ದ. ಫೇಲಾದ ಭಾಷೆಯಲ್ಲಿ ಬರೆದ ಬೋರ್ಡಿಗೇ ಗಿರಾಕಿಗಳು ಹೆಚ್ಚು. ಅವನಿಗೆ ಅದೊಂದು ದೊಡ್ಡ ತಮಾಷೆ. ತಂಗಿಗೆ ಬೋರ್ಡು ತೋರಿಸಿ, ಎಂಟು ಬೆರಳು ಎತ್ತಿ ಹಿಡಿದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ತಂಗಿ ಪಾಸಾದಳು, ಬೆರಳಚ್ಚು ಕಲಿತಳು, ಮದುವೆಯಾದಳು, ಓದಿದ ಶಾಲೆಯ ಕಚೇರಿಯಲ್ಲೇ ಕೆಲಸಕ್ಕೆ ಕೂತಳು.

ಕೆಲಸಕ್ಕೆ ಸೇರಿದ ಎಂಟನೇ ವರ್ಷ ಕೋಣೆಗೆ ಸುಣ್ಣ ಬಳಿಯಬೇಕೆಂದು ಬೀರುಗಳನ್ನೆಲ್ಲ ಖಾಲಿ ಮಾಡಿಸಿದರು. ಹಳೆಯ ಹಾಜರಿ ಪುಸ್ತಕಗಳ ಧೂಳು ಕೊಡವುತ್ತಿದ್ದಾಗ ಅವುಗಳ ನಡುವಿನಿಂದ ಹಳದಿಗಟ್ಟಿದ ಒಂದು ಸುತ್ತೋಲೆ ಜಾರಿ ಬಿತ್ತು. ಓದಿದಳು. 'ಶ್ರವಣದೋಷವುಳ್ಳ ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿ ಒಂದು ಭಾಷೆಯನ್ನು ಮಾತ್ರ ಅಭ್ಯಾಸ ಮಾಡಿದರೆ ಸಾಕು. ಉಳಿದ ಭಾಷೆಗಳಿಂದ ಅರ್ಜಿಯ ಮೇರೆಗೆ ವಿನಾಯಿತಿ ನೀಡತಕ್ಕದ್ದು.' ತಾರೀಖು ನೋಡಿದಳು. ಅಣ್ಣ ಎರಡನೇ ಸಲ ಪರೀಕ್ಷೆಗೆ ಕೂರುವುದಕ್ಕೆ ಏಳು ತಿಂಗಳು ಮುಂಚಿನದು. ಮೇಲೆ ಶಾಲೆಯ ಸ್ವೀಕೃತಿ ಮುದ್ರೆಯಿತ್ತು. ಪಕ್ಕದಲ್ಲಿ ಯಾರೋ ಹಸಿರು ಶಾಯಿಯಲ್ಲಿ ಬರೆದಿದ್ದರು: 'ನೋಡಲಾಗಿದೆ. ಕಡತಕ್ಕೆ.'

ಕುಂಟು ಸ್ಟೂಲಿನ ಮೇಲೆ ಹಾಗೇ ಕುಳಿತಳು. ಅಂದು ಊಟದ ಡಬ್ಬಿ ತೆರೆಯಲಿಲ್ಲ.

ಸಂಜೆ ಸುತ್ತೋಲೆಯನ್ನು ಸೀದಾ ಅಣ್ಣನ ಅಂಗಡಿಗೆ ತೆಗೆದುಕೊಂಡು ಹೋದಳು. ಅಣ್ಣ ಕೈಗೆ ಮೆತ್ತಿದ ಬಣ್ಣ ಒರೆಸಿಕೊಂಡು ನಿಧಾನವಾಗಿ ಓದಿದ. ತಾರೀಖಿನ ಮೇಲೆ ಬೆರಳಿಟ್ಟ. ಆಮೇಲೆ ಕಾಗದವನ್ನು ಮತ್ತೆ ಎತ್ತಿ, ಟೈಪು ಮಾಡಿದ ಸಾಲು ಸೊಟ್ಟಗಿರುವುದನ್ನು ತೋರಿಸಿ ಮೂಗು ಮುರಿದ. ಅವಳ ಕಣ್ಣಲ್ಲಿ ನೀರು ನಿಂತದ್ದು ಕಂಡು, ಸುತ್ತಲೂ ಒರಗಿಸಿಟ್ಟ ಬೋರ್ಡುಗಳನ್ನು ಒಂದೊಂದಾಗಿ ತೋರಿಸಿದ. ನಾನು ಪಾಸಾಗಿದ್ದರೆ ಇವನ್ನೆಲ್ಲ ಯಾರು ಬರೀತಿದ್ದರು, ನಿನ್ನ ಗಂಡನಾ, ಎಂದು ಸನ್ನೆಯಲ್ಲಿ ಕೇಳಿದ. ಅವಳ ಗಂಡನ ಕೈಬರಹ ಮನೆಯಲ್ಲಿ ಹೆಸರುವಾಸಿ, ಬರೆದ ಅವರಿಗೇ ಓದಲು ಬರುತ್ತಿರಲಿಲ್ಲ. ಅವಳು ಅಳುತ್ತಲೇ ನಕ್ಕಳು.

ಅಣ್ಣ ಅದನ್ನು ಅಲ್ಲಿಗೇ ಬಿಟ್ಟ. ಅವಳು ಬಿಡಲಿಲ್ಲ. ಮರುದಿನ ದಾಖಲಾತಿ ಪುಸ್ತಕ ತೆರೆದು 'ವಿಶೇಷ ಷರಾ' ಎಂಬ ಕೊನೆಯ ಕಾಲಮ್ಮಿನ ಮೇಲೆ ಸ್ಕೇಲು ಇಟ್ಟು ಮೇಲಿನಿಂದ ಕೆಳಗೆ ಬಂದಳು. ಒಂಬತ್ತನೇ ತರಗತಿಯಲ್ಲಿ ಗಾರೆ ಕೆಲಸದವರ ಮಗನೊಬ್ಬನ ಹೆಸರಿನ ಮುಂದೆ 'ಕಿವಿ ಮಂದ' ಎಂದಿತ್ತು. ಹೋಗಿ ನೋಡಿದರೆ ಮಂದವೇನು ಬಂತು, ಹಿಂದೆ ನಿಂತು ತಟ್ಟೆ ಬಡಿದರೂ ತಿರುಗಲಿಲ್ಲ.

ಆಗಿನ ಹೆಡ್ಮೇಷ್ಟ್ರು ತಲೆ ಕೆರೆದುಕೊಂಡರು. "ನಮ್ಮ ಶಾಲೇಲಿ ಇದುವರೆಗೂ ಯಾರಿಗೂ ಕೊಟ್ಟಿಲ್ಲವಲ್ಲಮ್ಮ. ಇವನಿಗೆ ಕೊಟ್ಟರೆ ನಾಳೆ ಇಡೀ ತರಗತಿ ಕಿವಿ ಹಿಡ್ಕೊಂಡು ಬಂದು ನಿಲ್ಲುತ್ತೆ."

"ಬರಲಿ ಸಾರ್. ಡಾಕ್ಟರು ಕಿವಿ ನೋಡ್ತಾರೆ, ನಾನು ಕಾಗದ ನೋಡ್ತೀನಿ, ನೀವು ಸಹಿ ಹಾಕಿ."

ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆಯ ಯಂತ್ರ ವಾರಕ್ಕೆ ಎರಡೇ ದಿನ ನಡೆಯುತ್ತಿತ್ತು. ಆ ಹುಡುಗನ ತಂದೆಯನ್ನು ಕರೆದುಕೊಂಡು ಅವಳೇ ಹೋಗಿ ಸಾಲಿನಲ್ಲಿ ನಿಂತಳು. ಶಿಕ್ಷಣ ಕಚೇರಿಯಲ್ಲಿ ಕನ್ನಡಕದ ಗುಮಾಸ್ತರು, "ಇದಕ್ಕೆ ಫಾರಂ ಇಲ್ಲ," ಎಂದು ಕೈಯಾಡಿಸಿಬಿಟ್ಟರು. ಅವಳು ಮನೆಗೆ ಬಂದು ತಾನೇ ಒಂದು ಫಾರಂ ಟೈಪು ಮಾಡಿ, ಮೂರು ಪ್ರತಿ ತೆಗೆದು, ಸುತ್ತೋಲೆಯ ನಕಲು ಲಗತ್ತಿಸಿ ಒಯ್ದಳು. "ಈಗ ಇದೆ ನೋಡಿ ಸಾರ್." ಗುಮಾಸ್ತರು ಕನ್ನಡಕ ಕೆಳಗಿಳಿಸಿ ಅವಳನ್ನೊಮ್ಮೆ, ಫಾರಮ್ಮನ್ನೊಮ್ಮೆ ನೋಡಿದರು. "ಗಟ್ಟಿಗಿತ್ತಿ ಕಣಮ್ಮ ನೀನು," ಎಂದು ಮುದ್ರೆ ಒತ್ತಿದರು. ಆ ಹುಡುಗ ಪಾಸಾದ. ಮುಂದಿನ ವರ್ಷದಿಂದ ಶಿಕ್ಷಣ ಕಚೇರಿಯವರು ಅವಳ ಫಾರಮ್ಮನ್ನೇ ಅಚ್ಚು ಹಾಕಿಸಿ ಬೇರೆ ಶಾಲೆಗಳಿಗೂ ಹಂಚಿದರು. ಎಲ್ಲೂ ಅವಳ ಹೆಸರಿರಲಿಲ್ಲ. ಅದರಲ್ಲಿ ಅವಳು ಮಾಡಿದ್ದ ಒಂದು ಕಾಗುಣಿತದ ತಪ್ಪು ಮಾತ್ರ ಹಾಗೇ ಉಳಿದಿತ್ತು. ಅದನ್ನು ನೋಡಿದಾಗಲೆಲ್ಲ ನಾಚಿಕೆಯೂ ಆಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಹದಿನಾಲ್ಕು ವರ್ಷಗಳಲ್ಲಿ ಹದಿನೇಳು ಮಕ್ಕಳಿಗೆ ವಿನಾಯಿತಿ ಕೊಡಿಸಿದಳು. ಸುತ್ತಲಿನ ಊರುಗಳಿಂದ ತಾಯಂದಿರು ಹುಡುಕಿಕೊಂಡು ಬಂದು ಮಕ್ಕಳನ್ನು ಅದೇ ಶಾಲೆಗೆ ಸೇರಿಸತೊಡಗಿದರು. ಕೆಲಸ ಹೆಚ್ಚಾಯಿತೆಂದು ಅವಳು ಗೊಣಗಿದ್ದಿಲ್ಲ. ಗೊಣಗುತ್ತಿದ್ದದ್ದು ಮೂರನೇ ಭಾಷೆಯ ಮೇಷ್ಟ್ರು. ಒಳ್ಳೆಯ ಮನುಷ್ಯ, ಸದಾ ಅಂಗಿಯ ತೋಳಿಗೆ ಸೀಮೆಸುಣ್ಣ. "ವರ್ಷ ವರ್ಷ ನನ್ನ ತರಗತಿ ಕಡಿಮೆ ಮಾಡೋ ಕೆಲಸ ಹಿಡ್ಕೊಂಡಿದ್ದೀರಿ, ಕ್ಲರ್ಕಮ್ಮ. ಇನ್ನು ಹತ್ತು ವರ್ಷಕ್ಕೆ ನಾನು ಬೆಂಚಿಗೆ ಪಾಠ ಮಾಡಬೇಕು," ಎನ್ನುತ್ತಿದ್ದರು.

ಹದಿನೆಂಟನೆಯವಳು ಬಂದಳು. ಎಂಟನೇ ತರಗತಿ ಮುಗಿಸಿದ್ದ ಆ ಹುಡುಗಿಯ ತಾಯಿ ಬಟ್ಟೆ ಹೊಲಿಯುವವರು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಕಚೇರಿಗೆ ಬಂದಿದ್ದರು. ಹುಡುಗಿಯ ಹುಬ್ಬುಗಳು ಮಾತಾಡುವವರ ಬಾಯಿಗಿಂತ ಹೆಚ್ಚು ಓಡಾಡುತ್ತಿದ್ದವು. ಗೆಳತಿಯರು ಅವಳನ್ನು ಕರೆಯುತ್ತಿದ್ದದ್ದೂ ಹುಬ್ಬಿಗೆ ಎರಡು ಬೆರಳು ತಾಗಿಸಿ. ಹಾಗಾಗಿ ಎಲ್ಲರಿಗೂ ಅವಳು ಹುಬ್ಬಮ್ಮ.

"ಅಕ್ಕಾ, ಇವಳಿಗೂ ಆ ಕಾಗದ ಮಾಡಿಸಿಕೊಡಿ," ಎಂದರು ತಾಯಿ. "ಡಾಕ್ಟರ ಚೀಟಿ ತಂದಿದ್ದೀನಿ."

ಕ್ಲರ್ಕಮ್ಮ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. ಹುಡುಗಿ ಮೇಜಿನ ಮೇಲಿದ್ದ ರದ್ದಿ ಚೀಟಿ ಎಳೆದುಕೊಂಡು ಬರೆದು ಮುಂದೆ ತಳ್ಳಿದಳು: 'ನನಗೆ ಬೇಡ.'

"ಏನೇ ಬೇಡ?" ತಾಯಿಗೆ ಗಾಬರಿ. "ಸಿಗೋದನ್ನ ಬೇಡ ಅಂತಾಳಲ್ಲ ಅಕ್ಕಾ ಇವಳು!"

ಕ್ಲರ್ಕಮ್ಮನಿಗೂ ಸಿಟ್ಟು ಬಂತು. ತಾನು ಅಲೆದಾಡಿದ್ದು, ಅಣ್ಣನ ಮೂರು ಅಂಕಪಟ್ಟಿಗಳು, ಎಲ್ಲ ಒಮ್ಮೆಲೇ ನೆನಪಾದವು. ಯಾಕೆ, ಎಂದು ಸನ್ನೆಯಲ್ಲಿ ಬಿರುಸಾಗಿಯೇ ಕೇಳಿದಳು. ಹುಡುಗಿ ಮತ್ತೆ ಬರೆದಳು. 'ವಿನಾಯಿತಿ ತಗೊಂಡವರನ್ನ ಆ ಪೀರಿಯಡ್ಡಲ್ಲಿ ಹೊರಗೆ ಕೂರಿಸ್ತಾರೆ. ಗೆಳತಿಯರೆಲ್ಲ ಒಳಗಿರ್ತಾರೆ. ಆಮೇಲೆ ಆ ಭಾಷೆ ಅಕ್ಷರ ನನಗೆ ಇಷ್ಟ. ಟಿ.ವಿ.ಯಲ್ಲಿ ಕೆಳಗೆ ಬರೋದನ್ನ ಓದಬೇಕು. ಉಕ್ತಲೇಖನ, ಬಾಯಿ ಪರೀಕ್ಷೆ ಮಾತ್ರ ನನ್ನಿಂದ ಆಗಲ್ಲ.'

ಹೊರಗೆ ಕೂರಿಸುತ್ತಾರೆಯೇ? ಎಲ್ಲಿ? ಹದಿನೇಳು ಮಕ್ಕಳಿಗೆ ಕಾಗದ ಕೊಡಿಸಿದ ಕ್ಲರ್ಕಮ್ಮನಿಗೆ, ಆ ಕಾಗದ ಕೈಗೆ ಬಂದ ಮೇಲೆ ಮಕ್ಕಳು ಎಲ್ಲಿ ಹೋಗುತ್ತಾರೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ತಾಯಿಗೂ ಮಗಳಿಗೂ ನಾಳೆ ಬನ್ನಿ ಎಂದಳು.

ಮರುದಿನ ನಾಲ್ಕನೇ ಪೀರಿಯಡ್ಡಿನ ಗಂಟೆ ಹೊಡೆದಾಗ ಎದ್ದು ಹಿಂದಿನ ಪಡಸಾಲೆಗೆ ಹೋದಳು. ಕೈತೊಳೆಯುವ ನಲ್ಲಿಗಳ ಪಕ್ಕ ಒಂದು ಬೆಂಚಿತ್ತು. ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಮೂವರೂ ಅವಳೇ ವಿನಾಯಿತಿ ಕೊಡಿಸಿದ್ದ ಮಕ್ಕಳು, ಅದರ ಮೇಲೆ ಕಾಲು ಆಡಿಸುತ್ತ ಕುಳಿತಿದ್ದರು. ಎದುರಿನ ತರಗತಿಯ ಕಿಟಕಿಯಲ್ಲಿ ಪಾಠ ನಡೆಯುತ್ತಿತ್ತು. ಒಬ್ಬ ಮೇಷ್ಟ್ರು ಹೋಗುತ್ತ ಖಾಲಿ ಹೂಜಿಯನ್ನು ಮಕ್ಕಳ ಮುಂದಿಟ್ಟು, ನೀರು ತುಂಬಿಡಿ ಎಂಬಂತೆ ಕೈ ಮಾಡಿ ಹೋದರು. ಹುಡುಗಿಯೊಬ್ಬಳು ಎದ್ದು ತುಂಬಿಸಿದಳು. ದಿನವೂ ಮಾಡುವ ಕೆಲಸವೆಂಬುದು ಅವಳ ಕೈಚಳಕದಲ್ಲೇ ತಿಳಿಯುತ್ತಿತ್ತು. ವಾರಕ್ಕೆ ಐದು ಪೀರಿಯಡ್ಡು, ವರ್ಷದಿಂದ ವರ್ಷಕ್ಕೆ.

ಅಣ್ಣ ಮೇಷ್ಟ್ರ ಬೆನ್ನು ನೋಡುತ್ತ ಕೂತಿದ್ದ, ಈ ಮಕ್ಕಳು ಗೋಡೆ ನೋಡುತ್ತ ಕೂತಿದ್ದಾರೆ. ಆ ಮೂವರ ಪಕ್ಕ ಕ್ಲರ್ಕಮ್ಮನೂ ಬೆಂಚಿನ ತುದಿಯಲ್ಲಿ ಕುಳಿತಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವೂ ವಿನಾಯಿತಿ ತಗೊಂಡ್ರಾ, ಎಂದು ಆ ಹುಡುಗ ಸನ್ನೆ ಮಾಡಿ ಕೇಳಿದ. ನಗಲಾರದೆ ನಕ್ಕಳು.

ಊಟದ ಬಿಡುವಿನಲ್ಲಿ ಮೂರನೇ ಭಾಷೆಯ ಮೇಷ್ಟ್ರನ್ನು ಹಿಡಿದಳು. ಅವರು ಡಬ್ಬಿ ತೆರೆದು ಕೂತಿದ್ದರು.

"ಸಾರ್, ಒಬ್ಬ ಹುಡುಗಿಗೆ ವಿನಾಯಿತಿ ಬೇಡವಂತೆ, ನಿಮ್ಮ ತರಗತೀಲಿ ಕೂರಬೇಕಂತೆ. ಓದೋದು, ಬರೆಯೋದು ಕಲೀಬೇಕಂತೆ."

ಮೇಷ್ಟ್ರ ಕೈ ಬಾಯಿಯ ಹತ್ತಿರವೇ ನಿಂತಿತು. "ನನ್ನ ಪಾಠಕ್ಕೆ? ತಾನಾಗೇ?"

"ತಾನಾಗೇ."

ಅವರು ಕೈ ಕೆಳಗಿಳಿಸಿದರು. "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ," ಎಂದರು. "ಕೇಳಿಸದ ಮಕ್ಕಳಿಗೆ ಹೇಗೆ ಪಾಠ ಮಾಡೋದು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಅವರು ಹೊರಗೆ ಹೋದಾಗ ನಾನು ಗೊಣಗ್ತಿದ್ದೆ ನಿಜ. ಒಳಗೊಳಗೆ ಹೊರೆ ಇಳೀತು ಅಂತಲೂ ಅನಿಸ್ತಿತ್ತು."

"ನನಗೂ ಕಾಗದ ಕೊಟ್ಟ ತಕ್ಷಣ ಕೆಲಸ ಮುಗೀತು ಅನಿಸ್ತಿತ್ತು ಸಾರ್. ಇಬ್ಬರೂ ಒಂದೇ ದೋಣೀಲಿ ಇದ್ದೀವಿ. ಹುಟ್ಟು ಹಾಕೋಣ ಬಿಡಿ."

ಅವಳು ಸುತ್ತೋಲೆಯನ್ನು ಮತ್ತೆ ತೆಗೆದು ಅಕ್ಷರ ಅಕ್ಷರ ಓದಿದಳು. ವಿನಾಯಿತಿ ನೀಡತಕ್ಕದ್ದು ಎಂದಿತ್ತು. ವಿನಾಯಿತಿ ಪಡೆದವರು ತರಗತಿಯಲ್ಲಿ ಕೂರಬಾರದೆಂದಾಗಲಿ, ಪರೀಕ್ಷೆ ಬರೆಯಬಾರದೆಂದಾಗಲಿ ಎಲ್ಲೂ ಇರಲಿಲ್ಲ. ಇದನ್ನು ಹುಬ್ಬಮ್ಮನಿಗೆ ಚೀಟಿಯಲ್ಲಿ ಬರೆದು ವಿವರಿಸಿದಳು: ವಿನಾಯಿತಿ ಕೈಲಿರಲಿ. ಕಲಿ. ಬರೆಯಬೇಕೆನಿಸಿದರೆ ಪರೀಕ್ಷೆ ಬರೆ. ಬೀಳುವ ಭಯವಿಲ್ಲ, ಬಿದ್ದರೂ ಪಾಸೇ. ಹುಡುಗಿಯ ಎರಡೂ ಹುಬ್ಬು ಕೂದಲಿನವರೆಗೆ ಏರಿದವು. ಫಾರಮ್ಮಿಗೆ ಸಹಿ ಹಾಕಿದಳು.

ಮೇಷ್ಟ್ರಿಗೆ ಬೋರ್ಡಿನ ಕಡೆ ತಿರುಗಿ ಮಾತಾಡುವುದು ಇಪ್ಪತ್ತು ವರ್ಷದ ಅಭ್ಯಾಸ. ಅವರೇ ಒಂದು ಉಪಾಯ ಹೇಳಿದರು. ತಾನು ತಿರುಗಿಕೊಂಡು ಮಾತಾಡಿದರೆ ಹುಬ್ಬಮ್ಮ ಸ್ಕೇಲು ಎತ್ತಬೇಕು. ಮೊದಲ ವಾರ ಅವಳೊಬ್ಬಳೇ ಎತ್ತುತ್ತಿದ್ದಳು. ಎರಡನೇ ವಾರ ಅವಳ ಬೆಂಚಿನವರೂ ಎತ್ತಿದರು. ತಿಂಗಳಾಗುವಷ್ಟರಲ್ಲಿ ಮೇಷ್ಟ್ರು ತಿರುಗಿದರೆ ಸಾಕು, ನಲವತ್ತು ಸ್ಕೇಲುಗಳು ಒಮ್ಮೆಲೇ ಮೇಲೇಳುತ್ತಿದ್ದವು. "ಇದೇನು ಪಾಠವೋ ಕವಾಯಿತೋ!" ಎಂದು ಅವರು ನಗುತ್ತ ಮುಖ ತಿರುಗಿಸುತ್ತಿದ್ದರು. ಉಕ್ತಲೇಖನದ ಹೊತ್ತಿಗೆ ಹುಬ್ಬಮ್ಮನಿಗೆ ಚಿತ್ರ ತೋರಿಸಿ ಪದ ಬರೆಸುತ್ತಿದ್ದರು. ಚಿತ್ರ ಬರೆಯಲು ಮೇಷ್ಟ್ರಿಗೆ ಬಾರದು. ಅವರು ಬರೆದ ಎಮ್ಮೆಯನ್ನು ಅವಳು ರೈಲು ಎಂದು ಬರೆದು, ಅದರ ಕಾಗುಣಿತ ಸರಿಯಾಗಿದ್ದ ಕಾರಣಕ್ಕೆ ಪೂರ್ತಿ ಅಂಕ ಗಿಟ್ಟಿಸಿದಳು.

ಬೆಂಚಿನ ಮೂವರಿಗೆ ಮೂರನೇ ಭಾಷೆ ಬೇಕಿರಲಿಲ್ಲ. ಕೇಳಿದರೆ ಮೂವರೂ ಜೋರಾಗಿ ತಲೆಯಾಡಿಸಿದರು. ಅವರಿಗಾಗಿ ಕ್ಲರ್ಕಮ್ಮ ಗ್ರಂಥಾಲಯದ ಬೀಗ ತೆಗೆಸಿದಳು. ನೋಡಿಕೊಳ್ಳುವವರಿಲ್ಲ ಎಂದು ಈಗಿನ ಹೆಡ್ಮೇಷ್ಟ್ರು ಅನುಮಾನಿಸಿದಾಗ, ತನ್ನ ರವಾನೆ ಪುಸ್ತಕವನ್ನೂ ಟಪಾಲಿನ ಕಟ್ಟನ್ನೂ ಹೊತ್ತುಕೊಂಡು ನಾಲ್ಕನೇ ಪೀರಿಯಡ್ಡಿಗೆ ತಾನೇ ಅಲ್ಲಿ ಹೋಗಿ ಕುಳಿತಳು. ಅವಳು ಲಕೋಟೆಗಳಿಗೆ ವಿಳಾಸ ಬರೆಯುತ್ತಿದ್ದರೆ ಮಕ್ಕಳು ಮೊದಲ ಭಾಷೆಯ ಪತ್ರಿಕೆ ಓದಿ, ಗೊತ್ತಾಗದ ಪದಕ್ಕೆ ಗೆರೆ ಎಳೆದು ಅವಳ ಮುಂದೆ ಹಿಡಿಯುತ್ತಿದ್ದರು. 'ಮುಂದೂಡಿಕೆ' ಎಂದರೇನು ಎಂದು ಒಬ್ಬಳು ಕೇಳಿದಾಗ, ಅವಳು ನಾಳೆ ಎಂದು ಸನ್ನೆ ಮಾಡಿ ಟಪಾಲಿನ ಕಟ್ಟನ್ನು ಮೇಜಿನ ಆಚೆ ತುದಿಗೆ ತಳ್ಳಿ ತೋರಿಸಿದಳು. ಆ ಪದವನ್ನು ಅವರು ಯಾವತ್ತೂ ಮರೆಯಲಿಲ್ಲ.

ಶಾಲೆಯ ಗೋಡೆಗೆ ಹೊಸದಾಗಿ ನಕ್ಷೆ ಬರೆಯಲು ಅಣ್ಣ ಬಂದದ್ದೂ ಆಗಲೇ. ಏಣಿಯ ಮೇಲೆ ನಿಂತವನು ಕೆಳಗಿದ್ದ ಮಕ್ಕಳ ಜೊತೆ ಸನ್ನೆಯಲ್ಲಿ ಹರಟುವುದನ್ನು ಕಂಡು ಕೇಳಿಸುವ ಮಕ್ಕಳೂ ಸುತ್ತ ನೆರೆದರು. ಎರಡು ದಿನದ ನಕ್ಷೆಗೆ ಅಣ್ಣ ಎಂಟು ದಿನ ತೆಗೆದುಕೊಂಡ. ಆಮೇಲೆ ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಬಂದು ಸನ್ನೆ ಕಲಿಸಿ ಹೋಗುವುದು ರೂಢಿಯಾಯಿತು. ಅವನು ಮೊದಲು ಕಲಿಸಿದ್ದು ಮೇಷ್ಟ್ರುಗಳನ್ನು ಅಣಕಿಸುವ ಸನ್ನೆಗಳನ್ನೇ ಎಂಬುದು ಕ್ಲರ್ಕಮ್ಮನಿಗೆ ತಡವಾಗಿ ಗೊತ್ತಾಯಿತು. ತನಗಿಟ್ಟ ಸನ್ನೆ ಬೀರುವಿಗೆ ಒದೆಯುವುದು ಎಂಬುದು ಇನ್ನೂ ತಡವಾಗಿ.

ಎರಡು ವರ್ಷದ ಮೇಲೆ ಹುಬ್ಬಮ್ಮ ಹತ್ತನೇ ತರಗತಿ ಪರೀಕ್ಷೆ ಬರೆದಳು. ಮೂರನೇ ಭಾಷೆಗೂ ಕೂತಳು. ಬಾಯಿ ಪರೀಕ್ಷೆಗೆ ಹೋಗಲಿಲ್ಲ. ಫಲಿತಾಂಶಕ್ಕಿಂತ ಮೊದಲು ಬಂದದ್ದು ಪರೀಕ್ಷಾ ಮಂಡಳಿಯಿಂದ ಒಂದು ಪತ್ರ. 'ವಿನಾಯಿತಿ ಪಡೆದ ಅಭ್ಯರ್ಥಿಯು ಸದರಿ ವಿಷಯದ ಪರೀಕ್ಷೆಗೆ ಹಾಜರಾಗಿರುವುದು ಕಂಡುಬಂದಿದೆ. ಕಾರಣ ತಿಳಿಸತಕ್ಕದ್ದು.' ಹೆಡ್ಮೇಷ್ಟ್ರ ಮುಖ ಸುಣ್ಣವಾಯಿತು. "ನೋಡಿದಿರಾ? ಈಗ ಆ ಮಗು ಫಲಿತಾಂಶ ತಡೆ ಹಿಡಿದರೆ?"

"ಕೊಡಿ ಸಾರ್, ನಾನು ಬರೀತೀನಿ."

ಆ ಉತ್ತರಕ್ಕೆ ಅವಳು ನಾಲ್ಕು ಹಾಳೆ ಹರಿದಳು. ಐದನೆಯದು ಚಿಕ್ಕದಾಗಿತ್ತು. ಅಭ್ಯರ್ಥಿಯು ಮೂರನೇ ಭಾಷೆಯ ತರಗತಿಗಳಿಗೆ ಎರಡು ವರ್ಷ ಸ್ವಇಚ್ಛೆಯಿಂದ ಹಾಜರಾಗಿರುತ್ತಾಳೆ. ವಿನಾಯಿತಿ ಪಡೆದವರು ಪರೀಕ್ಷೆ ಬರೆಯಬಾರದೆಂಬ ಆದೇಶವಿದ್ದಲ್ಲಿ ಅದರ ಪ್ರತಿಯನ್ನು ಕಳುಹಿಸಿಕೊಡಲು ಕೋರಿದೆ. ಕಾರಣ ಕೇಳಿರುವುದರಿಂದ ತಿಳಿಸುವುದೇನೆಂದರೆ, ಆಕೆಗೆ ಆ ಭಾಷೆ ಇಷ್ಟ. ಸಹಿ ಹಾಕುವಾಗ ಹೆಡ್ಮೇಷ್ಟ್ರು ಕೊನೆಯ ವಾಕ್ಯದ ಮೇಲೆ ಪೆನ್ನು ಹಿಡಿದು, "ಇದು ಕಚೇರಿ ಭಾಷೆ ಅಲ್ಲವಲ್ಲಮ್ಮ," ಎಂದರು. ಹೊಡೆದುಹಾಕಲಿಲ್ಲ.

ಹನ್ನೆರಡು ದಿನ ಅವಳು ಟಪಾಲಿನವನ ದಾರಿ ಕಾದಳು. ಕಿಟಕಿಯಲ್ಲಿ ಅವನ ಸೈಕಲ್ಲು ಕಂಡರೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ಹದಿಮೂರನೆಯ ದಿನ ಬಂದ ಉತ್ತರ ಒಂದೇ ಸಾಲು: 'ಆಕ್ಷೇಪಣೆಯನ್ನು ಕೈಬಿಡಲಾಗಿದೆ.' ಅದರ ಹಿಂದೆಯೇ ಅಂಕಪಟ್ಟಿ. ಮೂರನೇ ಭಾಷೆಯಲ್ಲಿ ಎಂಬತ್ತಕ್ಕೆ ನಲವತ್ತಮೂರು.

ಮೇಷ್ಟ್ರು ಆ ಅಂಕಪಟ್ಟಿಯನ್ನು ಸಿಬ್ಬಂದಿ ಕೋಣೆಯಲ್ಲೆಲ್ಲ ಹಿಡಿದು ತಿರುಗಿದರು, ತಾವೇ ಪಾಸಾದ ಹಾಗೆ. ದರ್ಜಿ ತಾಯಿ ಕ್ಲರ್ಕಮ್ಮನಿಗೆ ರವಿಕೆ ಹೊಲಿದು ತಂದರು. ಅಳತೆ ಯಾವಾಗ ತೆಗೆದುಕೊಂಡಿರಿ ಎಂದರೆ, "ಕಣ್ಣಲ್ಲೇ ಅಳೆದೆ ಅಕ್ಕಾ, ನೀವು ಫಾರಂ ಬರೀತಿದ್ದಾಗ," ಎಂದರು. ಕರಾರುವಾಕ್ಕಾಗಿ ಕೂತಿತು. ಹುಬ್ಬಮ್ಮ ಮುದ್ರಣಾಲಯದಲ್ಲಿ ಅಕ್ಷರ ಜೋಡಣೆ ಕಲಿಯುವ ತರಬೇತಿಗೆ ಸೇರಿದಳು.

ಅಣ್ಣನಿಗೆ ಅಂಕದ ಸುದ್ದಿ ಹೇಳಿದಾಗ ಅವನು ಬ್ರಷ್ಷು ಕೆಳಗಿಟ್ಟು ನಲವತ್ತಮೂರರಲ್ಲಿ ತನ್ನ ಎಂಟು, ಒಂಬತ್ತು, ಹನ್ನೊಂದನ್ನು ಕಳೆದ. ಮೂರನ್ನೂ ಕೂಡಿಸಿದರೂ ಇನ್ನೂ ಹದಿನೈದು ಕಡಿಮೆ ಎಂದು ಸನ್ನೆ ಮಾಡಿ ಗಂಭೀರವಾಗಿ ತಲೆಯಾಡಿಸಿದ. ಹುಡುಗಿ ಚುರುಕು ಎಂದ. ಮತ್ತೆ ಕೆಲಸಕ್ಕೆ ಕೂತ. ಅವನ ಹೆಗಲು ನಗುವಿನಿಂದ ಕುಲುಕುವುದು ಹಿಂದಿನಿಂದ ಅವಳಿಗೆ ಕಾಣುತ್ತಿತ್ತು.

ಆ ವರ್ಷ ಶಾಲೆ ತೆರೆಯುವ ಮೊದಲು ಕ್ಲರ್ಕಮ್ಮ ಫಾರಮ್ಮನ್ನು ಹೊಸದಾಗಿ ಟೈಪು ಮಾಡಿದಳು. ಕಾಗುಣಿತದ ತಪ್ಪು ತಿದ್ದಿದಳು. ಕೆಳಗೆ 'ವಿದ್ಯಾರ್ಥಿಯ ಸ್ವಂತ ಅಭಿಪ್ರಾಯ' ಎಂದು ಒಂದು ಕಾಲಮ್ಮು ಸೇರಿಸಿ ಮೂರು ಗೆರೆ ಖಾಲಿ ಬಿಟ್ಟಳು. ಹೊಸದಾಗಿ ಸೇರಿದ ಒಬ್ಬ ಹುಡುಗ ಅವಳ ಮೇಜಿನ ತುದಿಯಲ್ಲೇ ನಿಂತು, ನಾಲಿಗೆ ಕಚ್ಚಿಕೊಂಡು, ಮೂರು ಗೆರೆಯನ್ನೂ ತುಂಬಿಸಿ ಕೊಟ್ಟ. ಅವಳು ಕನ್ನಡಕ ಏರಿಸಿ ಓದಿದಳು.

'ಎರಡನೇ ಭಾಷೆ ಬೇಡ. ಮೂರನೇ ಭಾಷೆ ಆಮೇಲೆ ಯೋಚನೆ ಮಾಡಿ ಹೇಳ್ತೀನಿ. ಲೆಕ್ಕಕ್ಕೆ ವಿನಾಯಿತಿ ಇದ್ದರೆ ದಯವಿಟ್ಟು ತಿಳಿಸಿ.'

ಕ್ಲರ್ಕಮ್ಮ ಅದರ ಮೇಲೆ ಸ್ವೀಕೃತಿ ಮುದ್ರೆ ಒತ್ತಿ, ಒಂದು ಅಕ್ಷರವನ್ನೂ ತಿದ್ದದೆ, ಹಾಗೇ ಮೇಲಿನ ಕಚೇರಿಗೆ ಕಳುಹಿಸಿದಳು.